ಸತ್ಯಾಂಶ: ಮನೆ ತೆರಿಗೆ ರಶೀದಿ ಜಾಗದ ಹಕ್ಕುಪತ್ರವಲ್ಲ

"ಪಂಚಾಯತಿಗೆ ಮನೆ ತೆರಿಗೆ ಕಟ್ಟಿದ ರಶೀದಿ ಇದ್ದರೆ ಸಾಕು, ಜಾಗ ನಿಮ್ಮದೇ, ಮನೆಯೂ ಸಕ್ರಮ" ಎಂಬ ವಾಟ್ಸಾಪ್ ಸಂದೇಶವನ್ನು ಕಾಸರಗೋಡಿನವರು ನಂಬಬೇಡಿ.

ಕೇರಳ ಪಂಚಾಯತ್ ರಾಜ್ ಕಾಯ್ದೆಯ 235ಎಎ ಕಲಮಿನ ಪ್ರಕಾರ ಅಕ್ರಮವಾಗಿ ಕಟ್ಟಿದ ಮನೆಗೂ ತೆರಿಗೆ ಬೀಳುತ್ತದೆ. ತೆರಿಗೆ ಕಟ್ಟಿದ ಮಾತ್ರಕ್ಕೆ ಅದು ಸಕ್ರಮವಾಗದು. ಅಂಥ ಮನೆ ನಂಬರಿನ ಜೊತೆ "ಯುಎ" (ಅನ್‌ಆಥರೈಸ್ಡ್, ಅಂದರೆ ಅನಧಿಕೃತ) ಎಂದಿರುತ್ತದೆ. ಮನೆ ಕೊಳ್ಳುವವರು ಮೊದಲು ಹುಡುಕಬೇಕಾದದ್ದು ಈ ಎರಡಕ್ಷರ.

ಜಾಗದ ತೀರ್ವೆ (ಭೂಕಂದಾಯ) ಬೇರೆ, ಅದು ವಿಲೇಜ್ ಆಫೀಸಿಗೆ. ಆ ರಶೀದಿಯೂ ಒಡೆತನ ಕೊಡದು. ಪೋಕುವರವು (ವಿಲೇಜ್ ದಾಖಲೆಯಲ್ಲಿ ಜಾಗದವರ ಹೆಸರು ಬದಲಾವಣೆ) ಆಗಿ ಖಾತೆ ಬದಲಾಗಿದ್ದರೂ ಅದು ತೆರಿಗೆ ವಸೂಲಿಯ ದಾಖಲೆ ಅಷ್ಟೇ. ಬೇಕಾದದ್ದು ನೋಂದಾಯಿತ ಆಧಾರ (ಕ್ರಯಪತ್ರದಂಥ ಜಾಗದ ಪತ್ರ; ಆಧಾರ್ ಕಾರ್ಡ್ ಅಲ್ಲ) ಅಥವಾ ಪಟ್ಟೆ (ಸರಕಾರ ಕೊಡುವ ಜಾಗದ ಹಕ್ಕುಪತ್ರ). ಮುಂಗಡ ಕೊಡುವ ಮೊದಲೇ ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಋಣಭಾರ ಪತ್ರ (ಜಾಗದ ಮೇಲಿನ ನೋಂದಾಯಿತ ಅಡಮಾನ, ವ್ಯವಹಾರ ತೋರಿಸುವ ಇ.ಸಿ.) ತೆಗೆಸಿ, ಸರ್ವೆ ನಂಬರ್, ವಿಸ್ತೀರ್ಣ ಆಧಾರದೊಂದಿಗೆ ತಾಳೆಯಾಗುತ್ತದೆಯೇ ನೋಡಿ. ಆಧಾರದಲ್ಲಿ ಪಕ್ಕದ ಸರ್ವೆ ನಂಬರ್ ಬಿದ್ದಿದ್ದರೆ ತಿದ್ದುಪಡಿಗೆ ಮಾರಿದವರ ಸಹಿ ಬೇಕು. ಹಣ ಕೈಸೇರಿದ ಮೇಲೆ ಅವರನ್ನು ಕಚೇರಿಗೆ ಕರೆತರುವುದು ಸುಲಭವಲ್ಲ.