ಪರದೆ ಹಂಚಿಕೊಂಡವರ ಮಾನ

ಪರದೆ ಎಂಬ ಪದಕ್ಕೆ ಕನ್ನಡದಲ್ಲಿ ಮೊದಲಿನಿಂದಲೂ ಇದ್ದ ಕೆಲಸ ಮುಚ್ಚುವುದು; ಅದನ್ನು ಬಿಚ್ಚಿಡುವ ಕೆಲಸಕ್ಕೆ ಹಚ್ಚಿದವರು ಕಂಪ್ಯೂಟರಿನವರು. ಕಿಟಕಿಗೆ ಎರಡು ಪದರ ಪರದೆ ಇಳಿಬಿಟ್ಟು, ಫೋನಿಗೆ ಬೆರಳಚ್ಚಿನ ಬೀಗ ಹಾಕಿ, ಪಕ್ಕದಲ್ಲಿ ಕುಳಿತವರು ಕಣ್ಣು ಹೊರಳಿಸಿದರೂ ಅದನ್ನು ಎದೆಗವಚಿಕೊಳ್ಳುವ ಗೃಹಸ್ಥರು, ಎಕ್ಸೆಲ್ ಹಾಳೆಯ ಒಂದು ಮೊತ್ತ ಸರಿಬರಲಿಲ್ಲವೆಂದು ಗೆಳೆಯನಿಗೆ ವಾಟ್ಸ್‌ಆ್ಯಪ್ ಕರೆ ಮಾಡಿ, ಕಂಪ್ಯೂಟರಿನ ಪರದೆ ಅವನಿಗೂ ಕಾಣುವಂತೆ ಹಂಚಿಕೊಂಡು, ತಮ್ಮ ಇಡೀ ಸಂಸಾರವನ್ನು ಅವನ ಮುಂದೆ ಹರಡಿಕೊಂಡು ಕೂರುತ್ತಾರೆ.

ಇಡೀ ಪರದೆ ತೋರಿಸಬೇಕೋ, ಒಂದೇ ಕಿಟಕಿ ಸಾಕೋ ಎಂದು ಆ್ಯಪ್ ವಿನಯದಿಂದಲೇ ಕೇಳುತ್ತದೆ. ಗೃಹಸ್ಥರದು ದೊಡ್ಡ ಮನಸ್ಸು. ಇಡೀ ಪರದೆಯೇ ಇರಲಿ ಎನ್ನುತ್ತಾರೆ. ಸಾಲದ ಕಂತಿನ ನೆನಪೋಲೆ, ಬೇರೆ ಕಂಪನಿಯೊಂದಕ್ಕೆ ಕಳಿಸಲು ಸಿದ್ಧವಾದ ಅರ್ಜಿ, ಬ್ರೌಸರಿನಲ್ಲಿ ತೆರೆದೇ ಇರುವ ‘ಕೂದಲು ಉದುರಲು ಕಾರಣಗಳು’, ಇವೆಲ್ಲ ಮೆರವಣಿಗೆ ಹೊರಟ ಮೇಲೆ ಅವರು ಕೇಳುವ ಪ್ರಶ್ನೆ ಒಂದೇ: “ಕಾಣಿಸುತ್ತಿದೆಯೇ?” ಪಾಸ್‌ವರ್ಡ್ ಒತ್ತುವಾಗ ಮಾತ್ರ, ಅದು ಬರೀ ಚುಕ್ಕಿಗಳಾಗಿ ಮೂಡುತ್ತಿದ್ದರೂ, “ಸ್ವಲ್ಪ ಆಚೆ ನೋಡು” ಎಂದು ಗೆಳೆಯನಿಗೆ ಆಜ್ಞೆಯಾಗುತ್ತದೆ. ‘ಎಲ್ಲ ಪಾಸ್‌ವರ್ಡ್‌ಗಳು’ ಎಂಬ ಹೆಸರಿನ ಕಡತವೊಂದು ಅದೇ ಪರದೆಯ ಮೂಲೆಯಲ್ಲಿ ನೆಮ್ಮದಿಯಾಗಿ ಕುಳಿತಿರುತ್ತದೆ.

2021ರ ಜನವರಿಯಲ್ಲಿ ವಾಟ್ಸ್‌ಆ್ಯಪ್ ತನ್ನ ಗೌಪ್ಯತಾ ನೀತಿಯನ್ನು ಬದಲಿಸುವುದಾಗಿ ಹೇಳಿದಾಗ, ಗಂಟುಮೂಟೆ ಕಟ್ಟಿಕೊಂಡು ಸಿಗ್ನಲ್, ಟೆಲಿಗ್ರಾಂಗಳಿಗೆ ಓಡಿದವರಲ್ಲಿ ಇಂಥ ಗೃಹಸ್ಥರೂ ಇದ್ದರು. 2023ರ ಆಗಸ್ಟ್‌ನಲ್ಲಿ ಅದೇ ವಾಟ್ಸ್‌ಆ್ಯಪ್ ವಿಡಿಯೊ ಕರೆಗೆ ಪರದೆ ಹಂಚಿಕೆಯನ್ನು ಸೇರಿಸಿದಾಗ ಅವರು ಸದ್ದಿಲ್ಲದೆ ಮರಳಿದ್ದರು. ಸಂದೇಶಗಳನ್ನು ನಡುದಾರಿಯಲ್ಲಿ ಯಾರೂ ಓದಲಾಗದಂತೆ ಗೂಢಲಿಪಿ ಕಾಯುತ್ತದೆ, ನಿಜ. ದಾರಿಯ ಆ ತುದಿಯಲ್ಲಿ ನಾವೇ ಕರೆದು ಕೂರಿಸಿದವನ ಕಣ್ಣಿಗೆ ಅದು ಬಟ್ಟೆ ಕಟ್ಟುವುದಿಲ್ಲವಷ್ಟೆ.

ಈ ವಿದ್ಯೆ ಹೊಸದೇನೂ ಅಲ್ಲ. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದ ಸಭೆಯೊಂದರಲ್ಲಿ, ಕಂಪ್ಯೂಟರ್ ಮೌಸ್ ರೂಪಿಸಿದ ಅಮೆರಿಕದ ಎಂಜಿನಿಯರ್ ಡಗ್ಲಸ್ ಎಂಗೆಲ್‌ಬಾರ್ಟ್, ದೂರದ ಮೆನ್ಲೋ ಪಾರ್ಕ್ ಊರಿನಲ್ಲಿದ್ದ ಸಹೋದ್ಯೋಗಿಯೊಡನೆ ಒಂದೇ ಪರದೆಯಲ್ಲಿ ಕೆಲಸ ಮಾಡಿ ತೋರಿಸಿದ್ದರು. ಸಾವಿರಾರು ಕಣ್ಣುಗಳೆದುರು ಆ ಮಹಾನುಭಾವರು ಬಯಲಿಗಿಟ್ಟ ಮನೆಯ ಗುಟ್ಟೆಂದರೆ ಒಂದು ದಿನಸಿ ಪಟ್ಟಿ. ಅಂದು ಆಚೆ ಬದಿಯವರಿಗೂ ಪರದೆಯ ಮೇಲೆ ಓಡಾಡಿಸಲು ತಮ್ಮದೇ ಗುರುತೊಂದಿತ್ತು. ನಮ್ಮ ಗೆಳೆಯನಿಗೆ ಆ ಭಾಗ್ಯವೂ ಇಲ್ಲ. ತನ್ನ ಪರದೆಗೆ ತಾನೇ ಬೆರಳಿಟ್ಟು, “ಇಲ್ಲಿ ಒತ್ತು, ಇಲ್ಲಿ, ಅಲ್ಲ, ಅದರ ಕೆಳಗೆ” ಎಂದು ಮುಕ್ಕಾಲು ಗಂಟೆ ಹೇಳಿದ ಮೇಲೆ, ಸೊನ್ನೆಯ ಜಾಗದಲ್ಲಿ ಇಂಗ್ಲಿಷಿನ ‘ಓ’ ಅಕ್ಷರ ಕುಳಿತಿರುವುದು ಪತ್ತೆಯಾಗುತ್ತದೆ.

ಮೊತ್ತ ಸರಿಹೋದ ಕೂಡಲೇ ಗೃಹಸ್ಥರಿಗೆ ಎಚ್ಚರ ಬರುತ್ತದೆ. “ಬೇರೇನೂ ಕಾಣಲಿಲ್ಲ ತಾನೇ?” ಎಂದು ಕೇಳುತ್ತಾರೆ. “ಇಲ್ಲಪ್ಪ, ಇಲ್ಲಿ ಎಲ್ಲ ಮಸುಕು ಮಸುಕು” ಎನ್ನುತ್ತಾನೆ ಗೆಳೆಯ. ಕಿಟಕಿಯ ಪರದೆಯನ್ನು ಇನ್ನೊಮ್ಮೆ ಬಿಗಿಯಾಗಿ ಎಳೆದುಕೊಂಡು ಅವರು ನಿಶ್ಚಿಂತೆಯಿಂದ ಮಲಗುತ್ತಾರೆ. ಎರಡು ದಿನದ ಮೇಲೆ ಎದುರಾದ ಗೆಳೆಯ, ಹೊಸ ಕೆಲಸದ ಸಂದರ್ಶನ ಯಾವತ್ತೆಂದು ವಿಚಾರಿಸಿ, ಕೂದಲಿಗೆ ಒಂದು ಎಣ್ಣೆಯ ಹೆಸರನ್ನೂ ಹೇಳಿ ಹೋಗುತ್ತಾನೆ.