ಕೊಲೆ ಕಥೆ ಕೇಳುವವರ ಪರವಾಗಿ

ಆಫೀಸಿನಲ್ಲಿ ನನಗೆ ಬಿದ್ದಿರುವ ಅಡ್ಡಹೆಸರು ಪೋಸ್ಟ್‌ಮಾರ್ಟಂ ಮೇಡಂ. ದಿನಾ ಮಂಗಳೂರಿನಿಂದ ಉಡುಪಿಗೆ ಬಸ್ಸಿನಲ್ಲಿ ಹೋಗುವಾಗ ಕಿವಿಯಲ್ಲಿ ಯಾವುದಾದರೊಂದು ಕೊಲೆ ಕೇಸು ಓಡುತ್ತಿರುತ್ತದೆ. ಸುರತ್ಕಲ್ ದಾಟುವಾಗ ಹೆಣ ಸಿಗುತ್ತದೆ, ಪಡುಬಿದ್ರಿಯಲ್ಲಿ ಗಂಡನ ಮೇಲೆ ಸಂಶಯ, ಕಟಪಾಡಿ ಬರುವಾಗ ಗಂಡ ಪಾಪದವ ಅಂತ ಗೊತ್ತಾಗುತ್ತದೆ. "ನಿಮ್ಮಂಥವರಿಗೆ ಈ ರಕ್ತದ ಕಥೆ ಎಂತಕ್ಕೆ ಮಾರಾಯ್ರೆ?" ಅಂತ ಕೇಳುವವರೇ ಎಲ್ಲ.

ರಕ್ತ ಎಷ್ಟು ಹೊತ್ತು ಇರುತ್ತದೆ ಹೇಳಿ? ಒಳ್ಳೆಯ ಪತ್ತೇದಾರಿ ಕಥೆಯಲ್ಲಿ ಕೊಲೆ ಶುರುವಿನಲ್ಲೇ ಮುಗಿದಿರುತ್ತದೆ. ಉಳಿದ ಪುಟಗಳಲ್ಲೆಲ್ಲ ಒಬ್ಬ ಮನುಷ್ಯ ಮನೆಮನೆ ತಿರುಗಿ ಕೇಳುತ್ತಾನೆ: ನೀವೆಲ್ಲಿದ್ದಿರಿ, ಏನು ನೋಡಿದಿರಿ, ಯಾಕೆ ಸುಳ್ಳು ಹೇಳಿದಿರಿ. ಯಾರೋ ಒಬ್ಬರು ಸತ್ತದ್ದಕ್ಕೆ ಇಷ್ಟೊಂದು ತಲೆ ಕೆಡಿಸಿಕೊಳ್ಳುವವರು ಇದ್ದಾರಲ್ಲ, ಆ ನೆಮ್ಮದಿಗೇ ನಾವು ಓದುವುದು ಅಂತ ನನ್ನ ಲೆಕ್ಕ. ಕಾನನ್ ಡಾಯ್ಲ್ 1893ರಲ್ಲಿ ಷರ್ಲಾಕ್ ಹೋಮ್ಸನನ್ನು ಜಲಪಾತಕ್ಕೆ ತಳ್ಳಿ ಕೈತೊಳೆದುಕೊಂಡಾಗ ಓದುಗರು ಬಿಡಲಿಲ್ಲ. 1903ರಲ್ಲಿ ಅವನನ್ನು ಬದುಕಿಸಿ ತರಬೇಕಾಯಿತು. ಕಥೆಯಲ್ಲಿ ಯಾರು ಬೇಕಾದರೂ ಸಾಯಲಿ, ಹುಡುಕುವವ ಸಾಯಬಾರದು. ನಮ್ಮ ಎನ್. ನರಸಿಂಹಯ್ಯನವರು 500ಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದದ್ದು, ಜನ ಅವನ್ನು ಬಾಡಿಗೆಗೆ ತಂದು ಓದಿದ್ದು ಸುಮ್ಮನೆಯಾ? ಎಷ್ಟೋ ಮಂದಿಗೆ ಓದಿನ ಚಟ ಹಿಡಿದದ್ದೇ ಅಲ್ಲಿಂದ. ಸಾಹಿತ್ಯದವರು ಮೂಗು ಮುರಿದರು, ಮುರಿಯಲಿ.

ತುಳುನಾಡಿನವರಿಗಂತೂ ಇದು ಹೊಸತಲ್ಲ. ಕಲ್ಕುಡ-ಕಲ್ಲುರ್ಟಿ ಪಾಡ್ದನ, ಅಂದರೆ ಆ ಅಣ್ಣ-ತಂಗಿ ದೈವಗಳ ಕಥೆ ಹೇಳುವ ತುಳು ಹಾಡು, ನೆನಪು ಮಾಡಿಕೊಳ್ಳಿ. ಕಾರ್ಕಳದಲ್ಲಿ ಗೊಮ್ಮಟನನ್ನು ಕಡೆದ ಶಿಲ್ಪಿ ಕಲ್ಕುಡ ಇನ್ನೆಲ್ಲೂ ಅಂಥದ್ದು ಮಾಡಬಾರದೆಂದು ಅರಸ ಅವನ ಒಂದು ಕೈ, ಒಂದು ಕಾಲು ಕಡಿಸುತ್ತಾನೆ. ಅಪರಾಧ ಅಲ್ಲಿಗೆ ಆಯಿತು, ಕೇಳುವವರಾರು? ಅರಸನೇ ಅಪರಾಧಿ. ಮನೆಯಿಂದ ಹೊರಟು ಅಣ್ಣನನ್ನು ಹುಡುಕುತ್ತಾ ಬರುವವಳು ತಂಗಿ ಕಲ್ಲುರ್ಟಿ. ಮುಂದೆ ಇಬ್ಬರೂ ದೈವವಾಗಿ ಅರಸನ ನಿದ್ದೆ ಕೆಡಿಸುತ್ತಾರೆ. ಇವತ್ತಿಗೂ ಕಲ್ಲುರ್ಟಿಗೆ ಕೋಲ (ದೈವದ ಸೇವೆ) ಕೊಡುವ ಊರಿನವರು ನನ್ನನ್ನು "ನಿಮಗೆಂಥ ಹುಚ್ಚು" ಅಂತ ಕೇಳುವುದು ನೋಡಿದರೆ ನಗು ಬರುತ್ತದೆ.

ನಗು ಬಾರದ ಕಥೆಯೂ ಉಂಟು, ನಮ್ಮದೇ ಜಿಲ್ಲೆಯದ್ದು. ಸಯನೈಡ್ ಮೋಹನನ ಬಗ್ಗೆ ಹೇಳುವವರೆಲ್ಲ ಅವನಿಂದಲೇ ಶುರು ಮಾಡುತ್ತಾರೆ: ಮೇಷ್ಟ್ರಾಗಿದ್ದ, ನಯವಾಗಿ ಮಾತಾಡುತ್ತಿದ್ದ, ಮದುವೆಯಾಗುತ್ತೇನೆಂದು ನಂಬಿಸಿ, ಗರ್ಭ ನಿಲ್ಲದ ಮಾತ್ರೆ ಅಂತ ಸಯನೈಡ್ ಕೊಟ್ಟು, ಬಂಗಾರ ಎತ್ತಿಕೊಂಡು ಹೋಗುತ್ತಿದ್ದ. ನನ್ನ ತಲೆ ತಿನ್ನುವುದು ಅವನಲ್ಲ. 2003ರಿಂದ 2009ರವರೆಗೆ 20 ಹೆಣ್ಣುಮಕ್ಕಳು. ಹೆಚ್ಚಿನವರು ವರದಕ್ಷಿಣೆಗೆ ದುಡ್ಡಿಲ್ಲದ ಮನೆಯವರು. ಮೈಸೂರು, ಮಡಿಕೇರಿಯಂಥ ದೂರದ ಬಸ್‌ಸ್ಟ್ಯಾಂಡಿನ ಶೌಚಾಲಯದಲ್ಲಿ ಹೆಣ. ಒಳಗಿನಿಂದ ಚಿಲಕ. ಉಟ್ಟದ್ದು ಒಳ್ಳೆಯ ಸೀರೆ, ಮೈಮೇಲೆ ಒಂದು ಗುಂಜಿ ಬಂಗಾರ ಇಲ್ಲ. ಆ ಊರಿನ ಠಾಣೆಯಲ್ಲಿ ಅದು ಗುರುತು ಸಿಗದ ಶವ, ಅಸಹಜ ಸಾವು. ಈ ಕಡೆ ಮನೆಯಲ್ಲಿ, ಯಾರ ಜೊತೆಗೋ ಹೋದಳು ಅಂತ ಮಾನಕ್ಕೆ ಹೆದರಿ ಬಾಯಿ ಮುಚ್ಚಿಕೊಂಡವರು. ಸೀರೆ ಉಂಟು, ಸರ ಇಲ್ಲ ಎಂಬಷ್ಟನ್ನು ಯಾವ ಪುಸ್ತಕದ ಪತ್ತೇದಾರನೂ ಮೊದಲ ಹೆಣದಲ್ಲೇ ಹಿಡಿಯುತ್ತಿದ್ದ. ಇಲ್ಲಿ ಆರು ವರ್ಷ ಹಿಡಿಯಿತು.

2009ರಲ್ಲಿ ಬಂಟ್ವಾಳದ ಕಡೆಯ ಒಬ್ಬ ಯುವತಿ ಕಾಣೆಯಾದಾಗ ಅವಳ ಕಡೆಯವರು ಸುಮ್ಮನೆ ಕೂರಲಿಲ್ಲ, ಪೊಲೀಸರ ಬೆನ್ನು ಬಿದ್ದರು. ಅವಳ ಫೋನಿನ ಕರೆ ವಿವರ ಜಾಲಾಡಿದರೆ ಕಾಣೆಯಾದ ಇನ್ನೊಬ್ಬಳ ನಂಬರು, ಅಲ್ಲಿಂದ ಮತ್ತೊಬ್ಬಳದ್ದು. ಅಕ್ಟೋಬರಿನಲ್ಲಿ ಅವನು ಸಿಕ್ಕಿಬಿದ್ದ. ಮಂಗಳೂರಿನ ಕೋರ್ಟಿನಲ್ಲಿ ತನ್ನ ಪರ ತಾನೇ ವಾದಿಸಿದ. ಮೊದಲ ಮರಣದಂಡನೆ 2013ರ ಡಿಸೆಂಬರಿನಲ್ಲಿ, 20ನೇ ಕೇಸಿನ ತೀರ್ಪು ಬರುವಾಗ 2020ರ ಜೂನ್. ಅಷ್ಟು ವರ್ಷ ಒಂದೊಂದು ಮನೆಯವರೂ ಸಾಕ್ಷಿ ಹೇಳಿ ಬಂದಿದ್ದಾರೆ.

ಈಗಿನ ಟ್ರೂ ಕ್ರೈಂ ಚಾನೆಲ್‌ಗಳ ಮೇಲೆ ನನ್ನ ಸಿಟ್ಟು ಇದಕ್ಕೇ. ಸ್ಕ್ರೀನಿನ ತುಂಬ ಅವನ ಮುಖ, ಹಿಂದೆ ಢಂ ಢಂ ಮ್ಯೂಸಿಕ್, "ಸೈಕೋನ ಮನಸ್ಸಿನೊಳಗೆ" ಅಂತ ಶೀರ್ಷಿಕೆ. ಸತ್ತವರು ಬರೀ ನಂಬರು. ಮನೆಯವರು ಈಗ ಹೇಗಿದ್ದಾರೆ ಅಂತ ಒಂದು ಮಾತಿಲ್ಲ, ನಡುವೆ ಮಸಾಲೆ ಪುಡಿಯ ಜಾಹೀರಾತು ಬೇರೆ. ನಾನೂ ಅದನ್ನೇ ನೋಡುತ್ತೇನೆ ಅನ್ನುವುದು ಸರಿ, ನೋಡುತ್ತಾ ಬೈಯುತ್ತೇನೆ.

ಆ ಕರೆ ವಿವರದ ಹಾಳೆಗಳ ಮುಂದೆ ಕೂತು ನಂಬರಿಗೆ ನಂಬರು ಜೋಡಿಸಿದ ಪೊಲೀಸರ ಕಡೆಯಿಂದ, ಅಥವಾ ಬೆನ್ನು ಬಿಡದ ಆ ಮನೆಯವರ ಕಡೆಯಿಂದ ಈ ಕೇಸನ್ನು ಕನ್ನಡದಲ್ಲಿ ಯಾರಾದರೂ ಹೇಳಿದ್ದರೆ ಕೆಳಗೆ ಲಿಂಕ್ ಹಾಕಿ. ನಾಳೆ ಬಸ್ಸಿಗೆ ಬೇಕು. ಕೊಲೆಗಾರನ ಬಾಲ್ಯದಿಂದ ಶುರುವಾಗುವುದಾದರೆ ಬೇಡ.