ಒಂಬತ್ತು ಬಲಗೈ ಕೈಗವಸುಗಳ ಕೊರತೆ

2030ರ ಕಾಮನ್‌ವೆಲ್ತ್ ಕ್ರೀಡಾಕೂಟ ಅಹಮದಾಬಾದಿಗೆ ಸಿಕ್ಕಿದೆ, 2036ರ ಒಲಿಂಪಿಕ್ಸೂ ನಮಗೇ ಬರಲಿ ಎಂದು ಅರ್ಜಿಯೂ ಹೋಗಿದೆ. ಈ ಸಂಭ್ರಮದ ನಡುವೆ ದೊಡ್ಡವರಿಗೆಲ್ಲ ಒಂದು ಹಳೆಯ ಚಿಂತೆ ಮರುಕಳಿಸಿದೆ: ಕ್ರೀಡಾಂಗಣವನ್ನೇನೋ ಕಟ್ಟಿಸಬಹುದು, ಅದರಲ್ಲಿ ಓಡುವವರು ಯಾರು? ಈ ಪ್ರಶ್ನೆ ಎದ್ದಾಗಲೆಲ್ಲ ದೇಶದ ಕಣ್ಣು ತಾನಾಗಿ ಕಾಡಿನ ಕಡೆಗೆ ಹೊರಳುತ್ತದೆ. ಕಾಡಿನಲ್ಲಿ ಅದಿರು ಇರುವ ಹಾಗೆ ಪದಕವೂ ಇರುತ್ತದೆ, ಅಗೆದರೆ ಸಿಗುತ್ತದೆ, ಸಿಗದಿದ್ದರೆ ಗುಂಡಿಯನ್ನು ಹಾಗೇ ಬಿಟ್ಟು ಬರಬಹುದು ಎಂಬುದು ನಮ್ಮ ದೃಢವಾದ ನಂಬಿಕೆ. ಉತ್ತರ ಕನ್ನಡದವರಾದ ನಮಗೆ ಈ ಕಣ್ಣು ಬೀಳುವುದು ಹೊಸದಲ್ಲ, ಏಕೆಂದರೆ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿ ನಮ್ಮ ಸಿದ್ದಿಗಳಿದ್ದಾರೆ.

ಸಿದ್ದಿಗಳ ಪೂರ್ವಜರು ಆಫ್ರಿಕಾದವರು. ಪೋರ್ಚುಗೀಸರು ಗೋವೆಗೆ ಗುಲಾಮರನ್ನಾಗಿ ತಂದವರಲ್ಲಿ ಅನೇಕರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಗುಲಾಮಗಿರಿಯಿಂದ ಓಡಿ ಬಂದವರ ಮೊಮ್ಮಕ್ಕಳು ಇನ್ನು ದೇಶಕ್ಕಾಗಿ ಓಡಲಿ ಎಂದು ಯಾವ ಪುಣ್ಯಾತ್ಮರಿಗೆ ಹೊಳೆಯಿತೋ ತಿಳಿಯದು, ಆದರೆ ಹೊಳೆದ ಗಳಿಗೆಯನ್ನು ಮೆಚ್ಚಲೇಬೇಕು. 1984ರ ಲಾಸ್ ಏಂಜಲಿಸ್ ಒಲಿಂಪಿಕ್ಸಿನಲ್ಲಿ ಪಿ.ಟಿ. ಉಷಾ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಕಂಚು ಕಳೆದುಕೊಂಡಿದ್ದರು, ದೇಶ ಬರಿಗೈಯಲ್ಲಿ ಮರಳಿತ್ತು. ಮಾರ್ಗರೇಟ್ ಆಳ್ವ ಅವರು ಕ್ರೀಡಾ ಖಾತೆ ನೋಡಿಕೊಳ್ಳುತ್ತಿದ್ದ ಆ ಕಾಲದಲ್ಲಿ ಹುಟ್ಟಿದ, ಕಾಡುಮೇಡಿನ ಮಕ್ಕಳನ್ನು ಆರಿಸಿ ತರಬೇತಿ ಕೊಡುವ ವಿಶೇಷ ಪ್ರದೇಶ ಕ್ರೀಡಾ ಯೋಜನೆ 1987ರ ಹೊತ್ತಿಗೆ ನಮ್ಮ ಸಿದ್ದಿಗಳ ಹಾಡಿಯನ್ನೂ ಮುಟ್ಟಿತು. ಸಿದ್ದಿಗಳು ಚೆನ್ನಾಗಿ ಓಡುತ್ತಾರೆಂದು 1987ರಲ್ಲೇ ಕಂಡುಕೊಂಡ ಸರ್ಕಾರಕ್ಕೆ, ಅವರು ಪರಿಶಿಷ್ಟ ಪಂಗಡದವರೆಂದು ಕಂಡುಕೊಳ್ಳಲು ಮಾತ್ರ 2003 ಬರಬೇಕಾಯಿತು. ಕಾಲು ಕಣ್ಣಿಗೆ ಬಿದ್ದ ಹದಿನಾರು ವರ್ಷದ ಮೇಲೆ ಮನುಷ್ಯ ಕಣ್ಣಿಗೆ ಬಿದ್ದ.

ಈ ಯೋಜನೆಯ ಹಿಂದಿದ್ದ ಭೂಗೋಳಜ್ಞಾನವನ್ನೂ ಸ್ವಲ್ಪ ಸವಿಯಬೇಕು. ಆಫ್ರಿಕಾ ಎಂದರೆ 54 ದೇಶಗಳ ಖಂಡ. ಮ್ಯಾರಥಾನಿನಲ್ಲಿ ಮಿಂಚುವವರು ಕೆನ್ಯಾ, ಇಥಿಯೋಪಿಯಾದ ಎತ್ತರದ ಪ್ರದೇಶದವರು, ನೂರು ಮೀಟರಿನಲ್ಲಿ ಮಿಂಚುವ ಜಮೈಕದವರು ಅಟ್ಲಾಂಟಿಕ್ಕಿನ ಆಚೆಯವರು, ಸಿದ್ದಿಗಳ ಬೇರು ಬಾಂಟು ಭಾಷಿಕರಲ್ಲಿದೆ ಎಂದು ತಳಿವಿಜ್ಞಾನ ಹೇಳುತ್ತದೆ. ಇಷ್ಟನ್ನೆಲ್ಲ ಕೇಳುವ ವ್ಯವಧಾನ ಯಾರಿಗಿತ್ತು? ಗುಂಗುರು ಕೂದಲು ಕಂಡಿತು, ಸ್ಟಾಪ್‌ವಾಚ್ ಹೊರಗೆ ಬಂತು. ಇದೇ ತರ್ಕ ಹಿಡಿದರೆ ಹೊನ್ನಾವರ, ಕುಮಟಾದವರು ಇಷ್ಟರಲ್ಲಿ ಈಜಿನಲ್ಲಿ ಹತ್ತಾರು ಚಿನ್ನ ತರಬೇಕಿತ್ತು, ಸಮುದ್ರ ಹಿತ್ತಿಲಲ್ಲೇ ಇದೆಯಲ್ಲ. ನಾನೂ ಅದೇ ಕರಾವಳಿಯವನು. ಸೊಂಟದ ಮಟ್ಟಕ್ಕಿಂತ ಮೇಲಿನ ನೀರು ಕಂಡರೆ ದೇವರ ನೆನಪಾಗುತ್ತದೆ.

ಹುಟ್ಟಿದ ಜಾಗ ನೋಡಿ ಪದಕ ಎಣಿಸುವ ಈ ವಿದ್ಯೆಯಲ್ಲಿ ನಮ್ಮ ನೆರೆಯ ದಕ್ಷಿಣ ಕನ್ನಡವೂ ಹಿಂದೆ ಬಿದ್ದಿಲ್ಲ. 2020ರ ಫೆಬ್ರವರಿಯ ಐಕಳ ಕಂಬಳವನ್ನು ಯಾರು ಮರೆತಾರು? ಶ್ರೀನಿವಾಸ ಗೌಡರು ಕೋಣಗಳ ಜೊತೆ 142.5 ಮೀಟರಿನ ಕೆಸರುಗದ್ದೆಯನ್ನು 13.62 ಸೆಕೆಂಡಿನಲ್ಲಿ ದಾಟಿದರು. ಯಾರೋ ಭಾಗಾಕಾರ ಮಾಡಿ ನೂರು ಮೀಟರಿಗೆ 9.55 ಎಂದು ಸಾರಿದರು, ಉಸೇನ್ ಬೋಲ್ಟನ 9.58ರ ದಾಖಲೆ ಮೂಡುಬಿದಿರೆಯ ದಾರಿಯಲ್ಲಿ ಮುರಿದು ಬಿತ್ತು. ಆ 9.55ರಲ್ಲಿ ಕೋಣಗಳ ಪಾಲೆಷ್ಟು, ಗೌಡರ ಪಾಲೆಷ್ಟು ಎಂದು ಪಾಲುಪಟ್ಟಿ ಮಾಡುವವರು ಯಾರೂ ಇರಲಿಲ್ಲ. ಕೇಂದ್ರದ ಕ್ರೀಡಾ ಸಚಿವರು ರೈಲು ಟಿಕೆಟ್ ಆಗಿದೆ, ತರಬೇತುದಾರರು ಪರೀಕ್ಷಿಸುತ್ತಾರೆ ಎಂದು ಸ್ವತಃ ಪ್ರಕಟಿಸಿದರು. ಗ್ರಾಮೀಣ ಪ್ರತಿಭೆಗೆ ಇಷ್ಟು ತ್ವರಿತವಾಗಿ ಹಣ ಬಿಡುಗಡೆಯಾದ ಇನ್ನೊಂದು ಉದಾಹರಣೆ ನನಗೆ ನೆನಪಿಲ್ಲ: ಒಂದು ಟಿಕೆಟ್ಟು, ಅದೂ ರೈಲಿನದು. ಕಂಬಳದಲ್ಲಿ ಓಡುವುದು ಹಿಮ್ಮಡಿಯ ಮೇಲೆ, ಟ್ರ್ಯಾಕಿನಲ್ಲಿ ಓಡುವುದು ಬೆರಳಿನ ಮೇಲೆ, ಅದೇ ಬೇರೆ ಇದೇ ಬೇರೆ ಎಂದು ಗೌಡರು ವಿನಯವಾಗಿ ಹೇಳಿ ಪರೀಕ್ಷೆಗೆ ಹೋಗದೆ ಉಳಿದರು. ಇಡೀ ಪ್ರಕರಣದಲ್ಲಿ ಕ್ರೀಡಾವಿಜ್ಞಾನ ಮಾತನಾಡಿದವರು ಅವರೊಬ್ಬರೇ.

ಇನ್ನು ಹಣದ ಮಾತು. ಐಪಿಎಲ್‌ನ 2023ರಿಂದ 2027ರವರೆಗಿನ ಪ್ರಸಾರದ ಹಕ್ಕು 48,390 ಕೋಟಿ ರೂಪಾಯಿಗೆ ಮಾರಾಟವಾಯಿತು, ಅಂದರೆ ಒಂದು ಪಂದ್ಯಕ್ಕೆ ಸುಮಾರು 118 ಕೋಟಿ. ದೇಶದ ಎಲ್ಲ ಊರುಗಳ ಎಲ್ಲ ಆಟಗಳಿಗೆಂದು ಇರುವ ಖೇಲೋ ಇಂಡಿಯಾಕ್ಕೆ 2025–26ರ ಬಜೆಟ್ಟಿನಲ್ಲಿ ಇಟ್ಟದ್ದು 1,000 ಕೋಟಿ, ಅಂದರೆ ಎಂಟೂವರೆ ಪಂದ್ಯ. ಕ್ರಿಕೆಟ್ ಮಂಡಳಿಯ ಹಣ ಸರ್ಕಾರದ್ದಲ್ಲ ಎಂಬುದು ನನಗೂ ಗೊತ್ತು, ದಯವಿಟ್ಟು ಪತ್ರ ಬರೆಯಬೇಡಿ. ಕಾಡಂಚಿನ ಕಿರಿಯ ಪ್ರಾಥಮಿಕ ಶಾಲೆಗೆ ಬಂದರೆ ‘ಸಮಗ್ರ ಶಿಕ್ಷಣ’ ಯೋಜನೆಯ ಕ್ರೀಡಾ ಅನುದಾನ ವರ್ಷಕ್ಕೆ 5,000 ರೂಪಾಯಿ, ಹಿರಿಯ ಪ್ರಾಥಮಿಕಕ್ಕೆ 10,000, ಪ್ರೌಢಶಾಲೆಗೆ ಹೆಚ್ಚೆಂದರೆ 25,000. ಐದು ಸಾವಿರವನ್ನು ದಿನಕ್ಕೆ ಹಂಚಿದರೆ ಹದಿಮೂರು ರೂಪಾಯಿ ಚಿಲ್ಲರೆಯಾಗುತ್ತದೆ. ಶಾಲೆಯಲ್ಲಿ ಎಷ್ಟು ಮಕ್ಕಳಿದ್ದಾರೆಂದು ಕೇಳಿ ಲೆಕ್ಕವನ್ನು ಕೆಡಿಸುವುದು ಬೇಡ.

ಹಣದ ಬದಲು ಸಾಮಾನೇ ಬರುವುದೂ ಉಂಟು, ಅದರ ಚಂದ ಬೇರೆ. ಘಟ್ಟದ ಮೇಲಿನ ಒಂದು ಶಾಲೆಗೆ ಹೋಗಿದ್ದಾಗ ಅಲ್ಲಿನ ಪಿ.ಟಿ. ಮಾಸ್ತರರು ಅಕ್ಕಿ ಮೂಟೆಗಳ ಹಿಂದಿನಿಂದ ಒಂದು ರಟ್ಟಿನ ಪೆಟ್ಟಿಗೆ ಎಳೆದು ತೋರಿಸಿದರು. ಒಳಗೆ ಬೇಸ್‌ಬಾಲ್ ಆಟದ ಸರಂಜಾಮು. ಶಾಲಾ ಕ್ರೀಡೆಗಳ ರಾಷ್ಟ್ರೀಯ ಪಟ್ಟಿಯಲ್ಲಿ ಬೇಸ್‌ಬಾಲ್ ಇದೆ, ಆದ್ದರಿಂದ ಅದು ಬರುವುದು ತಪ್ಪಲ್ಲ. ಶಾಲೆಯ ಒಂದು ಬದಿಗೆ ಗುಡ್ಡ, ಇನ್ನೊಂದು ಬದಿಗೆ ಹಳ್ಳ, ನಡುವೆ ಉಳಿದ ಜಾಗದಲ್ಲಿ ಕಬಡ್ಡಿ ಆಡಿದರೇ ರೇಡ್ ಮಾಡಿದವನು ತೋಟಕ್ಕೆ ಬೀಳುತ್ತಾನೆ. ಇದ್ದ ಎರಡು ಚೆಂಡು ಮೊದಲ ವಾರವೇ ಹಳ್ಳದ ಪಾಲಾದವು. ಬ್ಯಾಟು ಮಂಗ ಓಡಿಸಲು ಉಪಯೋಗಕ್ಕೆ ಬರುತ್ತಿದೆ, ಆ ಮಟ್ಟಿಗೆ ಯೋಜನೆ ಸಫಲ. ತೊಂದರೆ ಇದ್ದದ್ದು ಚರ್ಮದ ಕೈಗವಸುಗಳಲ್ಲಿ. ಒಂಬತ್ತು ಬಂದಿದ್ದವು, ಒಂಬತ್ತೂ ಎಡಗೈಯವು. ಲೆಕ್ಕಪರಿಶೋಧನೆಗೆ ಬಂದವರು ಅವನ್ನು ಒಂದೊಂದಾಗಿ ಕೈಗೆ ಹಾಕಿ ನೋಡಿ, ‘ಒಂಬತ್ತು ಬಲಗೈ ಕೈಗವಸುಗಳ ಕೊರತೆ ಕಂಡುಬಂದಿದ್ದು, ವಿವರಣೆ ಸಲ್ಲಿಸುವುದು’ ಎಂದು ಆಕ್ಷೇಪಣೆ ಬರೆದು ಹೋದರು. ಆ ಆಟದಲ್ಲಿ ಕೈಗವಸು ಒಂದೇ ಕೈಗೆ, ಇನ್ನೊಂದು ಕೈ ಚೆಂಡೆಸೆಯಲು ಎಂದು ಮಾಸ್ತರರು ವಿವರಣೆ ಸಲ್ಲಿಸಿದರು. ಹಾಗೆಂದು ಯಾವ ಸುತ್ತೋಲೆಯಲ್ಲಿದೆ, ಅದರ ಪ್ರತಿ ಲಗತ್ತಿಸಿ ಎಂದು ಉತ್ತರ ಬಂದಿದೆ.

ಮಾಸ್ತರರು ಇದನ್ನು ಹೇಳುತ್ತಿದ್ದಾಗ ಹೊರಗೆ ಒಬ್ಬ ಸಿದ್ದಿ ಹುಡುಗಿ, ನಾಲ್ಕನೆಯ ತರಗತಿಯವಳಿರಬೇಕು, ಬಿದಿರಿನ ಗಳುಗಳನ್ನು ಕಲ್ಲಿನ ಮೇಲಿಟ್ಟು ಮಾಡಿದ ಹರ್ಡಲ್ಸನ್ನು ಬರಿಗಾಲಿನಲ್ಲಿ ಒಂದೇ ಸಮನೆ ಹಾರುತ್ತಿದ್ದಳು. ಗಳು ಬಿದ್ದರೆ ತಾನೇ ಎತ್ತಿಟ್ಟು ಮತ್ತೆ ಹಿಂದಕ್ಕೆ ಹೋಗುತ್ತಿದ್ದಳು. ನನಗೆ ನಗು ನಿಂತದ್ದು ಅಲ್ಲಿ.

ಏಕೆಂದರೆ 1987ರಲ್ಲಿ ಆರಿಸಿಕೊಂಡು ಹೋದದ್ದು ಇಂಥವರನ್ನೇ. ಊರು, ಭಾಷೆ, ಅನ್ನ ಎಲ್ಲವನ್ನೂ ಬಿಡಿಸಿ ದೂರದ ನಗರಗಳ ಹಾಸ್ಟೆಲಿನಲ್ಲಿಟ್ಟು ತರಬೇತಿ ಕೊಟ್ಟರು. ಮಕ್ಕಳು ತಮ್ಮ ಪಾಲಿನ ಕೆಲಸ ಮಾಡಿದರು, ಕಮಲಾ ಸಿದ್ದಿಯಂಥವರು ಹರ್ಡಲ್ಸಿನಲ್ಲಿ ರಾಷ್ಟ್ರಮಟ್ಟದ ಪದಕ ಗೆದ್ದರು. ಅದೇ ಯೋಜನೆಯಲ್ಲಿ ರಾಜಸ್ಥಾನದಿಂದ ಆಯ್ಕೆಯಾದ ಬಿಲ್ಲುಗಾರ ಲಿಂಬಾರಾಮ್ ಮರುವರ್ಷವೇ ಸೋಲ್ ಒಲಿಂಪಿಕ್ಸಿಗೆ ಹೋದರು. ಅದೇ ಅನಾಹುತವಾಯಿತೆಂದು ಕಾಣುತ್ತದೆ, ಪದಕವೆಂದರೆ ಹೀಗೆ ಈ ವರ್ಷ ಬಿತ್ತಿ ಮುಂದಿನ ವರ್ಷ ಕೊಯ್ಯುವ ಭತ್ತ ಎಂದು ದಿಲ್ಲಿಗೆ ಅನಿಸಿತು. 1988ರಲ್ಲಿ ದೇಶಕ್ಕೆ ಪದಕವಿಲ್ಲ, 1992ರಲ್ಲಿ ಇಲ್ಲ, 1993ರಲ್ಲಿ ಸಿದ್ದಿಗಳ ಯೋಜನೆಯೇ ಇಲ್ಲ. ಹತ್ತು ವರ್ಷಕ್ಕೆ ಹಾಸ್ಟೆಲ್ ಸೇರಿದ ಮಗುವಿಗೆ ಆಗ ಹದಿನಾರು. ಓಟಗಾರನೊಬ್ಬ ಓಟಗಾರನಾಗಲು ಆರಂಭಿಸುವ ವಯಸ್ಸದು. ಕೆಲವರಿಗೆ ಕ್ರೀಡಾ ಕೋಟಾದಲ್ಲಿ ನೌಕರಿ ಸಿಕ್ಕಿತು, ಅನೇಕರು ಬ್ಯಾಗು ಹೊತ್ತು ಊರಿಗೆ ಮರಳಿ ಕೂಲಿಗೆ ಹೋದರು. ಯಾರೂ ಕ್ಷಮೆ ಕೇಳಲಿಲ್ಲ. ಹತ್ತು ವರ್ಷ ಕೈಬಿಡುವುದಿಲ್ಲ ಎನ್ನಲಾಗದವರು ಹತ್ತು ವರ್ಷದ ಮಗುವನ್ನು ಮನೆಯಿಂದ ಕರೆದೊಯ್ಯಲೇಬಾರದಿತ್ತು.

ಸುಮಾರು ಇಪ್ಪತ್ತು ವರ್ಷಗಳ ಮೇಲೆ ಮತ್ತೆ ನೆನಪಾಯಿತು. ಅದೇ ಸಿದ್ದಿಗಳು, ಅದೇ ಆಫ್ರಿಕಾದ ರಕ್ತ, ಗುರಿ ಈ ಬಾರಿ 2024ರ ಒಲಿಂಪಿಕ್ಸು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದವರು ಪ್ಯಾರಿಸ್ಸಿನಿಂದ ದೇಶಕ್ಕೆ ಬಂದ ಆರು ಪದಕಗಳನ್ನು ನೋಡಿ, ಕುಲಾವಿಯ ಮೇಲಿನ ಇಸವಿ ಅಳಿಸಿ 2036 ಎಂದು ಬರೆದುಕೊಂಡಿದ್ದಾರೆ. ಬಿದಿರು ಹಾರುತ್ತಿದ್ದ ಆ ಹುಡುಗಿಗೆ ಆಗ ಇಪ್ಪತ್ತರ ಹರೆಯ, ಲೆಕ್ಕ ಸರಿಯಾಗಿಯೇ ಇದೆ. ಅವಳಿಗೆ ಒಂದು ಜೊತೆ ಬೂಟು ಯಾವ ಶೀರ್ಷಿಕೆಯಡಿ ಕೊಡಬಹುದು ಎಂದು ಮಾಸ್ತರರನ್ನು ಕೇಳಿದೆ. ಆಕ್ಷೇಪಣೆ ತೀರುವವರೆಗೆ ಹೊಸ ಖರೀದಿ ಮಾಡುವಂತಿಲ್ಲವಂತೆ.

ಹೊರಡುವಾಗ ಅವರು ಸಂಕೋಚದಿಂದಲೇ ಒಂದು ಬಿಳಿ ಹಾಳೆ ಮುಂದಿಟ್ಟರು. “ಸರ್, ನೀವು ಪತ್ರಿಕೆಯವರು. ಬೇಸ್‌ಬಾಲಿಗೆ ಒಂದೇ ಕೈಗವಸು ಸಾಕು ಅಂತ ಬರೆದು ಸಹಿ ಹಾಕಿಕೊಟ್ಟರೆ ಲಗತ್ತಿಸಿಬಿಡ್ತೇನೆ.” ಬರೆದು ಸಹಿ ಹಾಕಿದೆ. ಅವರು ಓದಿ ನೋಡಿ, ನಿಮ್ಮ ಹತ್ತಿರ ಮೊಹರು ಏನಾದರೂ ಇದೆಯೇ ಎಂದು ಕೇಳಿದರು.